ಪಗುಮೆ ಆರು

ಐದೇ ನಿಮಿಷ ಸಾಕು, ಎಂದಿತ್ತು
ಸೂಚನೆಯ ಮೊದಲ ಸಾಲು.
ಅಸ್ಕಾಲೆ ನಂಬಿದಳು.
ಅದು ಗುರುವಾರ.

ದೆಸ್ಸೆಯಲ್ಲಿ ನೆಹಸೆ ತಿಂಗಳ ಮಂಜು
ತೋಸಾ ಬೆಟ್ಟ ಇಳಿದು ಆಸ್ಪತ್ರೆಯ ಕಿಟಕಿಗೆ ಮುಖ ಒತ್ತಿತ್ತು;
ಹೆರಿಗೆ ದಾಖಲೆಯ ಕೋಣೆಯಲ್ಲಿ ಇದ್ದದ್ದೊಂದು ಕಂಪ್ಯೂಟರು,
ಅದರ ಬಿಸಿಗೆ ಒಣಹಾಕಿದ್ದು ಸಿಸ್ಟರ್ ಜೆಮಾನೆಶಳ ಶಾಲು.

ಶುರುವಾದದ್ದು ಒಬ್ಬ ತಾಯಿಯಿಂದ.
ಲಸಿಕೆಯ ಕಾರ್ಡು ಮೇಜಿನ ಮೇಲಿಟ್ಟು ಕೇಳಿದ್ದಳು:
"ನನ್ನ ಮಗ ಪಗುಮೆ ಆರಕ್ಕೆ ಹುಟ್ಟಿದವನು.
ಹೆತ್ತವಳಿಗೆ ಗೊತ್ತಿರುವುದಿಲ್ಲವೆ?
ನಿಮ್ಮ ಯಂತ್ರ ಮರುದಿನ ಎಂದು ಅಚ್ಚು ಹಾಕಿದೆ.
ಮರುದಿನ ಎಂದರೆ ಹೊಸ ವರ್ಷ.
ಒಂದು ರಾತ್ರಿಯ ನೆಪದಲ್ಲಿ ಒಂದು ವರ್ಷ ನುಂಗಿದಿರಿ."

ಹದಿಮೂರನೆಯ ತಿಂಗಳು ಪಗುಮೆ.
ಅದಕ್ಕೆ ಐದೇ ದಿನ; ನಾಲ್ಕು ವರ್ಷಕ್ಕೊಮ್ಮೆ,
ಲೂಕನ ಹೆಸರಿನ ವರ್ಷ ಮುಗಿಯುವಾಗ, ಆರು.
ಪಂಕ್ತಿಯ ಕೊನೆಯಲ್ಲಿ
ತಡವಾಗಿ ಬಂದು ಕೂತ ಕೂಸಿನ ಹಾಗೆ
ಎಲೆ ಹಾಕುವವನ ಕಣ್ಣಿಗೆ ಬೀಳುವುದಿಲ್ಲ.

ಹಾಗಾಗಿ ಬಿಡಾರ ಹೂಡಬೇಕಾಯಿತು.
ದೂರದವರು ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಲೈಬ್ರರಿ,
ಊರ ಕೆರೆಯಂತೆ: ಯಾರೂ ಮೊಗೆಯಬಹುದು,
ಹೂಳೆತ್ತಲು ಯಾರೂ ಇಳಿಯಬಹುದು,
ಇಳಿಯುವ ಮೆಟ್ಟಿಲು ಮಾತ್ರ ನೀನೇ ಕಟ್ಟಿಕೊ.

ಕಿಟಕಿಯ ಸರಳಿಗೆ ಫೋನು ಕಟ್ಟಿ
ಅದರ ಡೇಟಾದಲ್ಲಿ ನಕಲು ಇಳಿಸತೊಡಗಿದಳು.
ಶೇಕಡ ಎಪ್ಪತ್ತೊಂದಕ್ಕೆ ಕರೆಂಟು ಹೋಯಿತು.
ಮತ್ತೆ ಮೊದಲಿನಿಂದ.

ಶುಕ್ರವಾರ, ನಿನ್ನ ಪೈಥಾನ್ ಹಳೆಯದು ಎಂದಿತು.
ಹೊಸದು ಹಾಕಿದರೆ ಆಸ್ಪತ್ರೆಯ ಬಿಲ್ಲಿನ ಪ್ರೋಗ್ರಾಂ ಮುನಿಸಿಕೊಂಡಿತು.
ಬೇರೆ ಒಲೆ ಹೂಡಿದಳು, ಗೋಡೆಯಾಚೆ,
ಇದರ ಹೊಗೆ ಅದಕ್ಕೆ ತಾಗದ ಹಾಗೆ.
ಒಂದನ್ನು ಕರೆದರೆ ಅದು ಇನ್ನೊಂದನ್ನು ಕೇಳಿತು,
ಇನ್ನೊಂದು ಮತ್ತೊಂದನ್ನು.
ಅತ್ತೆಯ ತಂಗಿಯ ಮೈದುನನವರೆಗೆ
ಕರೆಯದ ನೆಂಟರೆಲ್ಲ ಬಂದಿಳಿದರು,
ಒಬ್ಬನನ್ನು ಬಿಟ್ಟು.

ಹೆಸರು ಹಿಡಿದು ಕರೆದರಷ್ಟೇ ಬರುವವನು ಅವನು.
ಹೆಸರೇ ಸೂಚನೆಯಲ್ಲಿರಲಿಲ್ಲ.
ಶನಿವಾರವಿಡೀ ಕೆಂಪಕ್ಷರಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದಳು:
ನಲವತ್ತು ಸಾಲು ಗೋಳು, ಒಂದು ಸಾಲು ಕಾರಣ.
ನೀಲಿ ಬಜಾಜ್ ಓಡಿಸುವ ತಮ್ಮ ಮೆಲಾಕು
ಹೊರಗೆ ಹಾರ್ನು ಹೊಡೆದು ಹೊಡೆದು ಒಳಗೇ ಬಂದ.
"ಸಂಬಳ ಕೊಡುತ್ತಾರಾ ಇದಕ್ಕೆ?"
"ಇಲ್ಲ."
"ಭೇಷ್," ಎಂದು ಗಾಡಿ ತಿರುಗಿಸಿಕೊಂಡು ಹೋದ.
ಮಂಜಿನಲ್ಲಿ ನಡೆದೇ ಮನೆ ಸೇರಿದಳು.

ಭಾನುವಾರ, ಚರ್ಚಿನಿಂದ ನೇರ, ಬಿಳಿ ನೆತೆಲಾ ಹೊದ್ದೇ ಬಂದಾಗ
ಸಿಕ್ಕಿದ: ಸಿ ಭಾಷೆಯ ಸಣ್ಣದೊಂದು ಕಡತ, ಮೂಲೆಯವ.
ಅವನನ್ನು ಕೂರಿಸಿದ್ದೇ ತಡ
ಪರೀಕ್ಷೆಗಳು ಓಡಿದವು. ಚುಕ್ಕಿ, ಚುಕ್ಕಿ, ಚುಕ್ಕಿ,
ರಾಗಿಗಿಂತ ಸಣ್ಣ ತೆಫ್ ಕಾಳು ಚೆಲ್ಲಿದಂತೆ
ಸಾವಿರದ ನಾನೂರು, ಎಲ್ಲ ಹಸಿರು.
ಎಲ್ಲವೂ ಸರಿ, ಎಂದಿತು ಯಂತ್ರ.

ಯಾರೂ ಕೇಳದ ಪ್ರಶ್ನೆಗೆ ಯಾರು ತಪ್ಪುತ್ತಾರೆ?
ಅವಳು ಕೇಳಿದಳು, ತನ್ನದೇ ಒಂದು ಪರೀಕ್ಷೆ ಬರೆದು:
ಪಗುಮೆ ಆರು, ಎರಡು ಸಾವಿರದ ಹದಿನೈದು.
ತಟ್ಟನೆ ಕೆಂಪು.
ಮೆಸ್ಕೆರೆಮ್ ಒಂದು, ಎಂದಿತು,
ಆ ತಾಯಿಗೆ ಹೇಳಿದ ಅದೇ ಸುಳ್ಳು, ಅದೇ ಮುಖದಲ್ಲಿ.

"ಸಿಕ್ಕಿತು!" ಎಂದು ಕಿರುಚಿದಳು.
ಹೆರಿಗೆ ಕೋಣೆಯಿಂದ ಓಡಿಬಂದ ಜೆಮಾನೆಶ್
"ಸರಿಹೋಯಿತಾ?"
"ಇಲ್ಲ ಸಿಸ್ಟರ್, ಕೆಟ್ಟಿತು! ನನ್ನ ಹತ್ತಿರವೂ ಕೆಟ್ಟಿತು!"
ಶಾಲು ಎತ್ತಿಕೊಂಡು, ಹೋಗುವ ಮುಂಚೆ,
ಸಿಸ್ಟರ್ ಅವಳ ಹಣೆ ಮುಟ್ಟಿ ನೋಡಿದಳು.

ಎಂಟುನೂರರ ಆಸುಪಾಸಿನ ಸಾಲಿನಲ್ಲಿ
ಹನ್ನೊಂದು ವರ್ಷ ಹಳೆಯ ಯಾರದೋ ಟಿಪ್ಪಣಿ:
'ಹದಿಮೂರಕ್ಕೆ ಐದು ದಿನ. ಸದ್ಯಕ್ಕೆ ಸಾಕು.'
ನಾಳೆ ಅಲ್ಲಿ ಕೈ ಹಾಕಬೇಕು.

ಇವತ್ತು ಕಳಿಸಿದ್ದು ಒಂದೇ ಸಾಲು, ಕೋಡೂ ಅಲ್ಲ,
ಸೂಚನೆಗೆ ಸೇರಿಸಿದ ಆ ನೆಂಟನ ಹೆಸರು.
'ಐದೇ ನಿಮಿಷ' ಅಳಿಸಿ 'ನಾಲ್ಕು ದಿನ' ಎಂದು ಬರೆದಿದ್ದಳು.
ಕಳಿಸುವ ಮುಂಚೆ ತುಸು ಕೂತು
ಮತ್ತೆ ಮೊದಲಿನಂತೆಯೇ ಮಾಡಿದಳು.
ಹಾಗಂದರೇ ಅಲ್ಲವೆ
ಯಾರಾದರೂ ಕೆರೆಗಿಳಿಯುವುದು.